ಕುಲುಮೆಯ ಊರಿನ ನಟರು

ದೊಡ್ಡಣ್ಣ ಎಂದೊಡನೆ ಕನ್ನಡ ಚಿತ್ರರಸಿಕರಿಗೆ ನೆನಪಾಗುವುದು ಆ ಭಾರೀ ಶರೀರ, ಅದಕ್ಕೊಪ್ಪುವ ಕಂಠ. ನಗಿಸುವ ಪಾತ್ರವಿರಲಿ, ಗದರಿಸುವ ಪಾತ್ರವಿರಲಿ, ಅರ್ಧ ಕೆಲಸವನ್ನು ಆ ಕಂಠವೇ ಮಾಡಿ ಮುಗಿಸುತ್ತದೆ. ನೂರಾರು ಚಿತ್ರಗಳಲ್ಲಿ ಕಾಣಿಸಿಕೊಂಡ ಅರಸೀಕೆರೆ ಮೂಲದ ಈ ನಟ ಅದಕ್ಕೂ ಮುನ್ನ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯ ನೌಕರ. ಆ ನೌಕರಿಯಲ್ಲಿದ್ದುಕೊಂಡೇ ರಂಗಭೂಮಿಗೆ ಬಣ್ಣ ಹಚ್ಚಿದವರು.

ಇದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಪೋರ್ಟ್ ಟಾಲ್ಬಟ್ ಎಂಬ ಇನ್ನೊಂದು ಉಕ್ಕಿನ ಊರಿದೆ. ಅದರ ಸಮೀಪದ ಹಳ್ಳಿಯಲ್ಲಿ 1925ರಲ್ಲಿ ಗಣಿ ಕಾರ್ಮಿಕನೊಬ್ಬನ ಹದಿಮೂರು ಮಕ್ಕಳಲ್ಲಿ ಹನ್ನೆರಡನೆಯವರಾಗಿ ಹುಟ್ಟಿದವರು ರಿಚರ್ಡ್ ಬರ್ಟನ್. ಶಾಲೆ ಬಿಟ್ಟು ಸಹಕಾರ ಸಂಘದ ಅಂಗಡಿಯಲ್ಲಿ ಬಟ್ಟೆ ಮಾರುತ್ತಿದ್ದ ಹುಡುಗನನ್ನು ಫಿಲಿಪ್ ಬರ್ಟನ್ ಎಂಬ ಅಧ್ಯಾಪಕರು ತಿದ್ದಿ ನಟನನ್ನಾಗಿಸಿದರು; ಶಿಷ್ಯ ಗುರುವಿನ ಹೆಸರನ್ನೇ ತನ್ನದಾಗಿಸಿಕೊಂಡ. ಅದೇ ಪರಿಸರದ ಬೇಕರಿಯವನ ಮಗ, 1937ರಲ್ಲಿ ಜನಿಸಿದ ಆಂಥೊನಿ ಹಾಪ್ಕಿನ್ಸ್, ವಿದ್ಯಾರ್ಥಿವೇತನದ ಬಲದಿಂದ ನಾಟಕ ಶಾಲೆ ಸೇರಿ, ಲಾರೆನ್ಸ್ ಒಲಿವಿಯರ್ ಅವರ ನ್ಯಾಷನಲ್ ಥಿಯೇಟರ್ ತಲುಪಿ, ಮುಂದೆ ಎರಡು ಬಾರಿ ಆಸ್ಕರ್ ಪಡೆದರು. ಬರ್ಟನ್‌ಗೆ ಏಳು ಬಾರಿ ನಾಮನಿರ್ದೇಶನವಾದರೂ ಆ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ ಎಂಬುದು ಬೇರೆ ಮಾತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಒಂದು ಲೆಕ್ಕ ಕಾಣುತ್ತದೆ. 1918ರಲ್ಲಿ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಆರಂಭಿಸಿದ ಕಾರ್ಖಾನೆ ಮಲೆನಾಡಿನ ಸೌದೆಯ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆಯಿತು. ಜೊತೆಗೆ ನಾನಾ ಊರುಗಳ ಜನರನ್ನು ಒಂದೆಡೆ ತಂದು ನೆಲೆಗೊಳಿಸಿತು. ತಿಂಗಳ ಸಂಬಳ, ವಸತಿಗೃಹ, ಭವಿಷ್ಯನಿಧಿ, ಗೊತ್ತಾದ ಪಾಳಿ. ಇವಿಷ್ಟಿದ್ದವನಿಗೆ ಪಾಳಿ ಮುಗಿದ ಮೇಲೆ ತಾಲೀಮಿಗೆ ಹೋಗುವುದು ಸಾಧ್ಯ. ನಾಟಕ ಬಿದ್ದರೂ ಮನೆಯ ಒಲೆ ಉರಿಯುತ್ತದೆ. ಕಲೆಗೆ ನೇರವಾಗಿ ಕೊಡುವ ಅನುದಾನವನ್ನಷ್ಟೇ ನಾವು ಪ್ರೋತ್ಸಾಹವೆಂದು ಗಣಿಸುತ್ತೇವೆ. ನಾನೂ ಕಡತಗಳಲ್ಲಿ ಹಾಗೆಯೇ ಬರೆದವನು. ಆದರೆ ಕಾಯಂ ನೌಕರಿ ಕಲೆಗೆ ಕೊಟ್ಟ ಅನುದಾನ ಯಾವ ಆಯವ್ಯಯ ಪತ್ರದಲ್ಲೂ ನಮೂದಾಗಲಿಲ್ಲ.

1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. 2023ರ ಆರಂಭದಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಗಿ ಊರೇ ಬೀದಿಗಿಳಿಯಿತು. ಆ ವರ್ಷವೇ ಭಾಗಶಃ ಕೆಲಸ ಪುನರಾರಂಭವಾಯಿತಾದರೂ ಹಳೆಯ ಭದ್ರತೆ ಮರಳಲಿಲ್ಲ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. ಪೋರ್ಟ್ ಟಾಲ್ಬಟ್‌ನ ಕೊನೆಯ ಊದುಕುಲುಮೆಯೂ 2024ರ ಸೆಪ್ಟೆಂಬರ್‌ನಲ್ಲಿ ಆರಿತು. ಅದರ ಒಡೆತನ ನಮ್ಮ ಟಾಟಾ ಸಂಸ್ಥೆಯದು.

ಅಲ್ಲಿಯೇ ಬೆಳೆದ ನಟ ಮೈಕೆಲ್ ಶೀನ್ 2011ರ ಈಸ್ಟರ್ ಸಂದರ್ಭದಲ್ಲಿ ಊರಿನ ಬೀದಿ, ಕಡಲ ದಂಡೆಗಳನ್ನೇ ರಂಗವಾಗಿಸಿ, ಊರವರನ್ನೇ ನಟರಾಗಿಸಿ, ಮೂರು ದಿನಗಳ ನಾಟಕವಾಡಿಸಿದರು. ನಮ್ಮಲ್ಲೂ ನೆಲೆ ಇಲ್ಲವೆಂದಲ್ಲ. ಶಿವಮೊಗ್ಗದಲ್ಲಿ ರಂಗಾಯಣವಿದೆ, ಕುವೆಂಪು ರಂಗಮಂದಿರವಿದೆ. ಅದೇ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಭದ್ರಾವತಿಯ ಗುತ್ತಿಗೆ ಕಾರ್ಮಿಕನಿಗೆ ಶಿವಮೊಗ್ಗೆಯ ರಂಗಮಂದಿರ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ನಾಳೆ ಕೆಲಸವಿದೆಯೋ ಇಲ್ಲವೋ ಎಂಬುದು ಹಿಂದಿನ ರಾತ್ರಿಯವರೆಗೂ ತಿಳಿಯದಿದ್ದಾಗ, ಆತ ತಾಲೀಮಿಗೆ ಯಾವ ಸಂಜೆಯನ್ನು ಗೊತ್ತುಮಾಡಿಕೊಂಡಾನು?