ಕೂಸಿನ ಬಟ್ಟೆ ಒಗೆಯುವ ಪಾಳಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಹಡಪಸರದಲ್ಲಿ ಐದನೇ ಮಹಡಿಯ ನಮ್ಮ ಮನೆ ಕಾದ ಹಂಚಿನಂತಾಗಿತ್ತು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ, ನಾಲ್ಕು ತಿಂಗಳ ಮಗಳ ಡೈಪರ್ ಬಿಚ್ಚಿದವಳೇ, ‘ಇಂಥಾ ಬಿಸಿಲಾಗ ಕೂಸಿಗೆ ರೇನ್‌ಕೋಟ್ ಹಾಕೀರಲ್ಲೋ!’ ಎಂದಳು. ತೊಡೆಸಂದಿಯೂ ಸೊಂಟದ ಎಲಾಸ್ಟಿಕ್ ಕೂತ ಜಾಗವೂ ಕೆಂಪಾಗಿ, ಮಗು ಮುಟ್ಟಿದರೆ ಅಳುತ್ತಿತ್ತು.

ತಪ್ಪು ನಮ್ಮದೇ. ಡೈಪರಿನೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಉಚ್ಚೆಯನ್ನು ಹೀರಿ ಜೆಲ್ ಮಾಡಿ ಹಿಡಿದಿಡುತ್ತದೆ. ಮೇಲೆ ಒಣಗಿದಂತೆ ಕಂಡಿದ್ದರಿಂದ ನಾವು ತಾಸುಗಟ್ಟಲೆ ಹಾಗೇ ಬಿಟ್ಟಿದ್ದೆವು. ಒಳಗೆ ಬೆವರು, ಶಾಖ, ಉಜ್ಜಾಟ.

ಡಾಕ್ಟರು ಅವ್ವನನ್ನೂ ಪೂರ್ತಿ ಒಪ್ಪಲಿಲ್ಲ. ಬಟ್ಟೆ ಒಳ್ಳೆಯದೇ, ಆದರೆ ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಡೈಪರಿಗಿಂತ ಕೆಟ್ಟದ್ದು. ದಿನಕ್ಕೆ ಒಂದಿಷ್ಟು ಹೊತ್ತು ಏನೂ ಕಟ್ಟದೆ ಬಿಡಿ. ಎರಡು–ಮೂರು ದಿನದಲ್ಲಿ ಇಳಿಯದಿದ್ದರೆ, ಸುತ್ತ ಸಣ್ಣ ಕೆಂಪು ಚುಕ್ಕೆ ಎದ್ದರೆ ಶಿಲೀಂಧ್ರದ ಸೋಂಕಿರಬಹುದು, ತೋರಿಸಿ ಎಂದರು. ಪೌಡರ್ ಬೇಡ, ಅದರ ಧೂಳು ಕೂಸಿನ ಉಸಿರಿನೊಳಗೆ ಹೋಗುತ್ತದೆ ಎಂದದ್ದಕ್ಕೆ ಮಾತ್ರ ಅವ್ವ ಮುಖ ಸಿಂಡರಿಸಿದಳು.

ನಾನು ಎಂ.ಟೆಕ್. ಬುದ್ಧಿ ಓಡಿಸಿ ಆನ್‌ಲೈನಿನಲ್ಲಿ ಆರು ‘ಬಟ್ಟೆ ಡೈಪರ್’ ತರಿಸಿದೆ. ಹೊರಪದರ ಪಾಲಿಯುರಿಥೇನ್ ಲೇಪಿಸಿದ ಪಾಲಿಯೆಸ್ಟರ್; ಅಂದರೆ ಮತ್ತೊಂದು ರೇನ್‌ಕೋಟ್! ಹೊರಗೆ ಹೋಗುವಾಗ ಅವು ಸರಿ. ಮನೆಯಲ್ಲಿ ಗೆದ್ದದ್ದು ಅಪ್ಪನ ಹಳೆಯ ಧೋತರದ ತುಂಡುಗಳು. ಮುಕ್ಕೋನ ಮಡಚಿ ಸಡಿಲಾಗಿ ಗಂಟು ಹಾಕಿದರೆ ಗಾಳಿ ಆಡುತ್ತದೆ, ಒದ್ದೆಯಾದದ್ದು ಆಗಲೇ ಗೊತ್ತಾಗುತ್ತದೆ. ಒಂದು ವಾರದಲ್ಲಿ ಕೆಂಪು ಇಳಿಯಿತು.

ಆದರೆ ದಿನಕ್ಕೆ ಹದಿನೈದು ಬಟ್ಟೆ. ಒಂದು ಬೆಳಿಗ್ಗೆ ನೋಡುತ್ತೇನೆ, ಮೊಣಕಾಲು ನೋವಿನ ಅವ್ವ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಒಗೆಯುತ್ತಿದ್ದಾಳೆ. ಹೆಂಡತಿ ನಿದ್ದೆಗೆಟ್ಟ ಕಣ್ಣಲ್ಲಿ ಹಿಂಡುತ್ತಿದ್ದಾಳೆ. ಅವಳಿಗೆ ಕಾನೂನಿನಂತೆ 26 ವಾರ ರಜೆ. ಖಾಸಗಿ ಕಂಪನಿಯ ಅಪ್ಪಂದಿರಿಗೆ ಅಂಥ ಕಾನೂನಿಲ್ಲ. ನನಗೆ ಸಿಕ್ಕಿದ್ದು ಐದು ದಿನ. ಅದನ್ನೇ ನೆವ ಮಾಡಿಕೊಂಡು ಕುಳಿತಿದ್ದೆನಲ್ಲ ಎಂದು ನಾಚಿಕೆಯಾಯಿತು. ಬಟ್ಟೆ ಹತ್ತಿಯದೋ ಅಲ್ಲವೋ ಎಂದು ವಾದಿಸಿದವನು ನಾನು, ಒಗೆಯುವವರು ಯಾರೆಂದು ಕೇಳಿರಲಿಲ್ಲ.

ಅಂದಿನಿಂದ ಆ ಪಾಳಿ ನನ್ನದು. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರಲ್ಲಿ ಸ್ವಲ್ಪವೇ ಸೋಪಿನ ಪುಡಿ. ನಮ್ಮದು ಟ್ಯಾಂಕರಿನ ಗಡಸು ನೀರು, ಬಟ್ಟೆ ಬಿರುಸಾಗುತ್ತದೆ. ಆದರೂ ಕಂಫರ್ಟ್ ಹಾಕುವುದಿಲ್ಲ, ಅದು ಎಳೆಗೆ ಅಂಟಿ ಹೀರುವ ಗುಣ ಕೆಡಿಸುತ್ತದೆ. ಇನ್ನೊಮ್ಮೆ ಜಾಲಿಸುತ್ತೇನೆ. ಮನೆ ಕಾಯಿಸಿದ ಅದೇ ಬಿಸಿಲಿಗೆ ಬಾಲ್ಕನಿಯ ಬಟ್ಟೆ ತಾಸಿನೊಳಗೆ ಗರಿಗರಿ.

ರಾತ್ರಿ ಮಾತ್ರ ಒಂದು ಡೈಪರ್. ಎಲ್ಲರೂ ಮಲಗಬೇಕಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ‘ಸ್ವಚ್ಛ್’ ಸಹಕಾರಿ ಸಂಘದ ತಾಯಿಯ ಕೈಗೆ ಕೊಡುತ್ತೇನೆ. ಮೊದಲು ದಿನಕ್ಕೆ ಆರೇಳನ್ನು ಬಿಡಿಬಿಡಿಯಾಗಿ ಡಬ್ಬಿಗೆ ಎಸೆಯುತ್ತಿದ್ದೆ. ಬರಿಗೈಯಲ್ಲಿ ಆಕೆ ಅವನ್ನು ಬೇರ್ಪಡಿಸುವುದನ್ನು ಕಂಡ ಮೇಲೆ ಬಿಟ್ಟೆ.

ಈಗ ಜೂನ್. ಮಳೆ ಹಿಡಿದಿದೆ, ಬಟ್ಟೆ ಒಣಗುತ್ತಿಲ್ಲ. ಹಾಲಿನ ಫ್ಯಾನಿನ ಕೆಳಗೆ ಹಗ್ಗ ಕಟ್ಟಿದ್ದೇನೆ. ಊರಿಗೆ ಮರಳಿದ ಅವ್ವ ಇನ್ನೊಂದು ಧೋತರ ಹರಿದು ಕಳಿಸುತ್ತಾಳಂತೆ. ಅಪ್ಪನ ತಕರಾರಿದೆ, ಅದು ಹೊಸದಂತೆ.