ಜಾಜ್ ಸಂಗೀತವೂ ನಮ್ಮ ನಾಡೂ

ಕಳೆದ ವರ್ಷ ಸಂಗೀತದ ತರಗತಿಯಲ್ಲಿ ದಿವಂಗತ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ವಾದನವನ್ನು ನಮ್ಮ ಹುಡುಗಿಯರಿಗೆ ಕೇಳಿಸಿದೆವು. ರಾರಾವಿಯಿಂದ ಬರುವ ಬಾಲಿಕೆಯೊಬ್ಬಳು ತಾನೂ ಆ ವಾದ್ಯವನ್ನು ಕಲಿಯುವೆನೆಂದು ಮನೆಯಲ್ಲಿ ಹಟ ಹಿಡಿದಳಂತೆ. ವಾರ ಕಳೆಯುವುದರೊಳಗೆ ಆಕೆಯ ತಾಯಿಯವರು ನಮ್ಮಲ್ಲಿಗೆ ಬಂದು, "ಅದು ಮದುವಿ ಬ್ಯಾಂಡಿನೋರು ಊದೋದಲ್ರೀ, ಅಮ್ಮಾರ? ಜಾಜ್ ಅಂದ್ರ ಕುಡಿಯೋ ಜಾಗದಾಗಿನ ಹಾಡು ಅಂತಾರ. ಹೆಣ್ಣುಮಕ್ಕಳಿಗೆ ಯಾಕ್ರೀ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ತಾಯಿಯ ಕಳವಳವಿದ್ದಿತು. ಅದನ್ನು ನಕ್ಕು ತಳ್ಳಿಬಿಡುವುದು ನ್ಯಾಯವಲ್ಲ. ಅಂದು ನಾವು ಅವಸರದಲ್ಲಿ ಕೊಟ್ಟ ಉತ್ತರವು ನಮಗೇ ಸಾಲದೆ ತೋರಿತು. ಆದಕಾರಣ ಇದೇ ಸಂದೇಹವುಳ್ಳ ಪೋಷಕರೆಲ್ಲರಿಗೂ ತಿಳಿಯುವಂತೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವೆವು.

ಸ್ಯಾಕ್ಸೊಫೋನೆಂಬುದು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬವನು ನಿರ್ಮಿಸಿ, 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ. ಮೊದಲು ಅದು ಸೈನ್ಯದ ಬ್ಯಾಂಡುಗಳಲ್ಲಿ ಬಳಕೆಗೆ ಬಂದಿತು. ಜಾಜ್ ಸಂಗೀತವಾದರೋ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕಾಮೂಲದ ಜನರ ಸಂತತಿಯವರಿಂದ ರೂಪುಗೊಂಡಿತು. ಹೊಲದ ದುಡಿಮೆಯ ಹಾಡು, ದೇವಾಲಯದ ಕೀರ್ತನೆ, ಬೀದಿಯ ಬ್ಯಾಂಡು, ಇವು ಮೂರೂ ಅದರಲ್ಲಿ ಬೆರೆತಿವೆ. ಅದರ ಜೀವಾಳವು ನಮಗೆ ಅಪರಿಚಿತವಾದುದಲ್ಲ. ನಮ್ಮ ವಿದ್ವಾಂಸರು ಕೃತಿಯ ಒಂದು ಸಾಲನ್ನು ಹಿಡಿದು ಸ್ಥಳದಲ್ಲಿಯೇ ಕಲ್ಪನಾಸ್ವರಗಳನ್ನು ಹೆಣೆಯುವಂತೆ, ಜಾಜ್ ವಾದಕರೂ ಒಂದು ರಾಗದ ಎಳೆಯನ್ನು ಹಿಡಿದು ತಮ್ಮ ಮನೋಧರ್ಮದಂತೆ ಅದನ್ನು ಬೆಳೆಸುವರು.

ಮೊದಲು ಇದು ಬಹುಮಟ್ಟಿಗೆ ನೃತ್ಯಕ್ಕೆ ಒದಗುವ ಸಂಗೀತವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಚಾರ್ಲಿ ಪಾರ್ಕರ್, ಡಿಜಿ ಗಿಲೆಸ್ಪಿ, ಥೆಲೋನಿಯಸ್ ಮಂಕ್ ಮೊದಲಾದ ತರುಣರು ಅದನ್ನು ಕುಳಿತು ಕೇಳಬೇಕಾದ ಕಠಿಣ ವಿದ್ಯೆಯನ್ನಾಗಿ ಮಾರ್ಪಡಿಸಿದರು. ಆಧುನಿಕ ಜಾಜ್ ಎಂದು ಹೆಸರಾದುದು ಇದೇ. ವೇದಿಕೆಯ ಮೇಲೆ ಇವರಿಗೆ ಚಪ್ಪಾಳೆ ದೊರೆಯುತ್ತಿದ್ದರೂ, ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರ ಹೋಟೆಲಿನಲ್ಲಿ ಇವರಿಗೆ ಊಟವಾಗಲಿ ಹಾಸಿಗೆಯಾಗಲಿ ದೊರೆಯುತ್ತಿರಲಿಲ್ಲ.

ಇಲ್ಲಿ ಶಾಲೆಯೊಂದರ ಸಂಗತಿಯನ್ನು ಹೇಳಬೇಕಾಗಿದೆ. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆಗಳಿರಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. 1957ರ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾ ಸಂಸ್ಥಾನದ ಲಿಟಲ್ ರಾಕ್ ನಗರದ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಸೇರಲು ಹೋದರು. ಅವರಲ್ಲಿ ಆರು ಮಂದಿ ಹುಡುಗಿಯರು. ಗವರ್ನರಾಗಿದ್ದ ಫಾಬಸ್ ಎಂಬವನು ಸಿಪಾಯಿಗಳನ್ನಿಟ್ಟು ಅವರನ್ನು ತಡೆದನು. ಕಡೆಗೆ ಅಧ್ಯಕ್ಷ ಐಸೆನ್‌ಹೋವರ್ ಕಳುಹಿದ ಸೈನ್ಯದ ಕಾವಲಿನಲ್ಲಿ ಆ ಮಕ್ಕಳು ತರಗತಿಗೆ ಹೋಗಬೇಕಾಯಿತು. ಪುಸ್ತಕ ಹಿಡಿದ ಹುಡುಗಿಗೆ ಬಂದೂಕಿನ ಕಾವಲು! ಇದನ್ನು ಕಂಡು ಮನನೊಂದ ಚಾರ್ಲ್ಸ್ ಮಿಂಗಸ್ ಎಂಬ ಜಾಜ್ ವಾಗ್ಗೇಯಕಾರರು ಫಾಬಸನನ್ನು ಅಣಕಿಸುವ ಕೃತಿಯೊಂದನ್ನು ರಚಿಸಿ 1959ರಲ್ಲಿ ಮುದ್ರಿಸಿದರು. ಆ ಮುದ್ರಿಕೆಯಲ್ಲಿ ಮಾತುಗಳಿಲ್ಲ, ವಾದ್ಯಗಳು ಮಾತ್ರವೇ ಇವೆ. ಮಾತುಗಳನ್ನೂ ಒಳಗೊಂಡ ಮುದ್ರಿಕೆಯು ಮರುವರ್ಷ ಸಿದ್ಧವಾಯಿತು.

ಡೇವ್ ಬ್ರೂಬೆಕ್ ಎಂಬ ಬಿಳಿಯ ಪಿಯಾನೋ ವಾದಕರ ನಡತೆಯೂ ಸ್ಮರಣೀಯವಾದುದು. ಅಮೆರಿಕ ಸರಕಾರವು 1958ರಲ್ಲಿ ಅವರ ತಂಡವನ್ನು ಪೋಲೆಂಡ್, ತುರ್ಕಿ ಮುಂತಾದ ದೇಶಗಳಿಗೂ ನಮ್ಮ ದೇಶಕ್ಕೂ ಕಳುಹಿತು. ಮದರಾಸಿನಲ್ಲಿಯೂ ಅವರು ನುಡಿಸಿದರು. ನಮ್ಮ ಬಳ್ಳಾರಿಯು ಅದೇ ಮದರಾಸಿನ ಆಡಳಿತದಿಂದ ಬಿಟ್ಟು ಮೈಸೂರಿಗೆ ಸೇರಿ ಆಗ ಐದೇ ವರ್ಷಗಳಾಗಿದ್ದವು. ಇಸ್ತಾಂಬುಲಿನ ಬೀದಿಯಲ್ಲಿ ಕೇಳಿದ ಒಂಬತ್ತಕ್ಷರದ ಲಯವನ್ನು ಅವರು 1959ರ ಕೃತಿಯೊಂದಕ್ಕೆ ಬಳಸಿದರು. 'ತಕ ತಕ ತಕ ತಕಿಟ' ಎಂದು ಕೈತಾಳ ಹಾಕಿದರೆ ಅದು ನಮ್ಮ ಮಕ್ಕಳಿಗೂ ಸುಲಭವಾಗಿ ದೊರಕುವುದು. ಅವರ ಸಂಗಾತಿ ಪಾಲ್ ಡೆಸ್ಮಂಡ್ ಅದೇ ವರ್ಷ ರಚಿಸಿದ ಪ್ರಸಿದ್ಧ ಕೃತಿಯಲ್ಲಿ 'ತಕಿಟ ತಕ' ಎಂಬ ಐದಕ್ಷರಗಳ ಲಯವಿದೆ. 1960ರಲ್ಲಿ ದಕ್ಷಿಣದ ಕಾಲೇಜುಗಳು, ತಂಡದಲ್ಲಿದ್ದ ಕಪ್ಪು ವಾದಕ ಯೂಜೀನ್ ರೈಟರನ್ನು ಬಿಟ್ಟು ಬರುವುದಾದರೆ ಮಾತ್ರ ಬನ್ನಿರೆಂದವು. ಬ್ರೂಬೆಕರು ಒಪ್ಪದೆ, ಆ ಸಂಚಾರದ ಬಹುಪಾಲು ಕಚೇರಿಗಳನ್ನೇ ಕಳೆದುಕೊಂಡರು.

ಇನ್ನು ನಮ್ಮ ನಾಡಿನ ಮಾತು. ಮಿಂಗಸರ 1959ರ ಆ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸಿದವರಲ್ಲಿ ಜಾನ್ ಹ್ಯಾಂಡಿ ಒಬ್ಬರು. 1963ರ ಅವರ ಮತ್ತೊಂದು ಮುದ್ರಿಕೆಯಲ್ಲಿ ಚಾರ್ಲಿ ಮರಿಯಾನೊ ನುಡಿಸಿದರು. ಇವರಿಬ್ಬರ ಹೆಜ್ಜೆಯೂ ಕನ್ನಡಿಗರ ಕಡೆಗೆ ಬಂದುದು ವಿಶೇಷ. ನಾದಸ್ವರವನ್ನೂ ಅಭ್ಯಾಸ ಮಾಡಿದ ಮರಿಯಾನೊ, 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಟಿ. ಎ. ಎಸ್. ಮಣಿಯವರೊಡನೆಯೂ ಗಾಯಕಿ ಆರ್. ಎ. ರಾಮಮಣಿಯವರೊಡನೆಯೂ ಕೂಡಿ ನುಡಿಸಿದರು. 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆಯು ಹೊರಬಂದಿತು. ಹ್ಯಾಂಡಿಯವರು 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಕದ್ರಿಯವರ ವಾದನವನ್ನು ಕೇಳಿ, ತಾವೂ ಜೊತೆಯಲ್ಲಿ ನುಡಿಸಬಹುದೇ ಎಂದು ಕೇಳಿಕೊಂಡು ವೇದಿಕೆಯನ್ನೇರಿದರು.

ಕದ್ರಿಯವರು 1949ರಲ್ಲಿ ಬಂಟವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾದಸ್ವರ ವಾದಕರ ಮಗನಾಗಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತರು. ಕೀಲಿಗಳುಳ್ಳ ಆ ಪರದೇಶದ ವಾದ್ಯದಲ್ಲಿ ಗಮಕವನ್ನು ತರುವುದಕ್ಕೆ ಅವರಿಗೆ ಎಷ್ಟೋ ವರ್ಷಗಳ ಸಾಧನೆ ಬೇಕಾಯಿತು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ದಿವಂಗತರಾದರು. ಅಮೆರಿಕದಲ್ಲಿ ಬೆಳೆದ, ಕನ್ನಡ ಮನೆತನದ ಜಾಜ್ ವಾದಕ ರುದ್ರೇಶ್ ಮಹಂತಪ್ಪನವರು 2008ರಲ್ಲಿ ಅವರೊಡನೆ 'ಕಿನ್ಸ್‌ಮೆನ್' ಎಂಬ ಮುದ್ರಿಕೆಯನ್ನು ಹೊರತಂದರು. ಆ ಹೆಸರಿಗೆ ನೆಂಟರು ಎಂದರ್ಥ. ಹೆಣ್ಣುಮಕ್ಕಳಿಗೆ ಈ ವಾದ್ಯ ಒಗ್ಗದೆಂಬ ಮಾತಿಗೆ ಕದ್ರಿಯವರ ಶಿಷ್ಯೆ ಎಂ. ಎಸ್. ಲಾವಣ್ಯ ಅವರ ಕಚೇರಿಗಳೇ ಉತ್ತರ ಕೊಡುವುವು.

ಮದುವೆಯ ಬ್ಯಾಂಡಿನವರ ವಾದ್ಯವೇನೋ ಅಹುದು, ತಾಯಿ. ಅದರಿಂದ ಅದಕ್ಕೆ ಕುಂದಿಲ್ಲ. ಬಿಸಿಲಿನಲ್ಲಿ ನಿಂತು ಊದುವ ಆ ದುಡಿಮೆಗಾರರಿಗೂ ಕುಂದಿಲ್ಲ. ಜಾಜನ್ನು ಹಲವರು ಕುಡಿಯುವ ಸ್ಥಳಗಳಲ್ಲಿ ನುಡಿಸಿದುದೂ ನಿಜ. ಬೇರೆ ಬಾಗಿಲುಗಳು ಆ ಜನರಿಗೆ ಮುಚ್ಚಿದ್ದವೆಂಬುದನ್ನೂ ನೆನೆಯಬೇಕು. ಒಂದು ಬಾಗಿಲನ್ನು ತೆರೆಯಿಸಲು ಆರು ಹುಡುಗಿಯರು ಪಟ್ಟ ಪಾಡಿಗಾಗಿ ನೊಂದು ನುಡಿದ ಸಂಗೀತವನ್ನು ಹುಡುಗಿಯರ ಶಾಲೆಯೇ ಕೇಳದಿದ್ದರೆ ಮತ್ತಾರು ಕೇಳಬೇಕು?

ಆ ತಾಯಿಯವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ನಾವೂ ಬಲವಂತ ಮಾಡಲಿಲ್ಲ. ಪೂರ್ವ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಮಧ್ಯಾಹ್ನ ಸಂಗೀತದ ಕೊಠಡಿಯಲ್ಲಿ ಮೇಲೆ ಹೇಳಿದ ಕೃತಿಗಳಲ್ಲಿ ಕೆಲವನ್ನು ಕೇಳಿಸುವೆವು. ಮಗಳೊಡನೆ ಬಂದು ಒಂದು ಗಳಿಗೆ ಕುಳಿತು ಕೇಳಬೇಕೆಂದು ಅವರನ್ನೂ, ಪೋಷಕರೆಲ್ಲರನ್ನೂ ವಿನಯಪೂರ್ವಕವಾಗಿ ಕೇಳಿಕೊಳ್ಳುವೆವು.