ಕಝಕ್ ಮಕ್ಕಳ ಮೂರು ಲಿಪಿಗಳು

1920ರ ಆಗಸ್ಟ್ 26ರಂದು ಸೋವಿಯತ್ ರಷ್ಯಾದೊಳಗೆ ಕಝಕ್ ಜನರ ಸ್ವಾಯತ್ತ ಗಣರಾಜ್ಯ ಸ್ಥಾಪನೆಯಾಯಿತು. ಒರೆನ್‌ಬರ್ಗ್ ಅದರ ಮೊದಲ ರಾಜಧಾನಿ. ರಷ್ಯನ್ನರು ಕಝಕರನ್ನು ‘ಕಿರ್ಗಿಝ್’ ಎನ್ನುತ್ತಿದ್ದುದರಿಂದ ಗಣರಾಜ್ಯಕ್ಕೂ ಆ ಹೆಸರೇ ಬಂದಿತು. ಸ್ವಂತ ಹೆಸರು ದೊರೆತದ್ದು 1925ರಲ್ಲಿ.

ಭಾಷಾವಿದ್ವಾಂಸ ಅಖ್ಮೆತ್ ಬೈತುರ್ಸಿನೊವ್ ಆರಂಭದಲ್ಲಿ ಅಲ್ಲಿನ ಶಿಕ್ಷಣ ಖಾತೆಯನ್ನು ನಿರ್ವಹಿಸಿದರು. ಅರಬ್ಬೀ ಲಿಪಿಯನ್ನು ಕಝಕ್ ಉಚ್ಚಾರಣೆಗೆ ಒಗ್ಗುವಂತೆ ತಿದ್ದಿ, ಮಕ್ಕಳಿಗೆ ಪಠ್ಯಪುಸ್ತಕಗಳನ್ನು ರಚಿಸಿದವರೂ ಅವರೇ. ಆದರೆ 1929ರಲ್ಲಿ ಲ್ಯಾಟಿನ್ ಲಿಪಿ, 1940ರಲ್ಲಿ ಸಿರಿಲಿಕ್ ಲಿಪಿ ಜಾರಿಗೆ ಬಂದವು. ಅಜ್ಜ ಬರೆದುದನ್ನು ಮೊಮ್ಮಗ ಓದಲಾರದಂತಾಯಿತು.

ಈ ನಡುವೆ ಅಲೆಮಾರಿ ಪಶುಪಾಲಕರ ದನಕುರಿಗಳನ್ನು ಕಸಿದು, ಅವರನ್ನು ಬಲವಂತದಿಂದ ಸಾಮೂಹಿಕ ಕೃಷಿಗೆ ದೂಡಲಾಯಿತು. ಅದರಿಂದುಂಟಾದ ಕ್ಷಾಮಕ್ಕೆ ಸುಮಾರು 15 ಲಕ್ಷ ಜನ ಬಲಿಯಾದರು. 1936ರಲ್ಲಿ ಕಝಕ್‌ಸ್ತಾನಕ್ಕೆ ಒಕ್ಕೂಟ ಗಣರಾಜ್ಯದ ಸ್ಥಾನ ದೊರೆಯಿತು. ಮರುವರ್ಷವೇ ಬೈತುರ್ಸಿನೊವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಸ್ಥಾನಮಾನ ಏರುತ್ತಲೇ ಇತ್ತು. ಮಕ್ಕಳು ಕಲಿಯುವ ಅಕ್ಷರದ ಮೇಲಿನ ಅಧಿಕಾರ ಮಾತ್ರ ಆ ಜನರ ಕೈಗೆ ಬರಲಿಲ್ಲ.